ಸಹಾಯ ಬೇಕು: ತಗಡಿನ ಚಾವಣಿ, ಕೆಳಗೆ ಬೈಠಕ್. ಸದ್ದು ತಡೆಯುವುದು ಹೇಗೆ?

ನಮಸ್ಕಾರ. ಧಾರವಾಡದಲ್ಲಿ ನಮ್ಮ ಮನೆಯ ಮಹಡಿಯನ್ನೇ ಸಣ್ಣ ಬೈಠಕ್ ಹಾಲ್ (ನೆಲದ ಮೇಲೆ ಕೂತು ಹತ್ತಿರದಿಂದ ಹಿಂದೂಸ್ತಾನಿ ಸಂಗೀತ ಕೇಳುವ ಜಾಗ) ಮಾಡಿಕೊಂಡಿದ್ದೇವೆ. ಟಿಕೆಟ್ ಇಲ್ಲ, ಬಾಗಿಲ ಬಳಿ ಒಂದು ಡಬ್ಬಿ. ಬಂದದ್ದೆಲ್ಲ ಕಲಾವಿದರಿಗೆ. ಗಾಯಕ ಮಲ್ಲಿಕಾರ್ಜುನ ಮನ್ಸೂರರು ಬಾಳಿದ ಊರಲ್ಲಿ ಕೇಳುವವರಿಗೇನೂ ಬರ ಇಲ್ಲ. ತೊಂದರೆ ಚಾವಣಿಯದ್ದು.

ಮೇಲೆ ಬರೀ ತಗಡು. ಮೊನ್ನೆ ಮಳೆ ಜೋರಾದಾಗ ಹಾಡುತ್ತಿದ್ದವರು ವಿಲಂಬಿತದ (ನಿಧಾನ ಲಯದ ಭಾಗ) ಮಧ್ಯೆಯೇ ಕೈ ಎತ್ತಿ ನಿಲ್ಲಿಸಿದರು. ಬೆನ್ನ ಹಿಂದಿನ ತಂಬೂರಿಯೇ ಅವರಿಗೆ ಕೇಳಿಸುತ್ತಿರಲಿಲ್ಲ. ಮಳೆ ಇಲ್ಲದ ದಿನ ತಬಲಾ ಜೋಡಿಯ ದೊಡ್ಡದಾದ ಡಗ್ಗಾದ ಗುಂ ಗುಂ ಸೀದಾ ಪಕ್ಕದ ಮನೆಗೆ ಹೋಗುತ್ತದೆ. ರಾತ್ರಿ 10ರ ನಂತರ ಧ್ವನಿವರ್ಧಕ ಹಚ್ಚಬಾರದೆಂಬ ನಿಯಮ ಗೊತ್ತು. ನಾವು ಮೈಕೇ ಬಳಸುವುದಿಲ್ಲ, 9ಕ್ಕೆಲ್ಲ ಕಛೇರಿಯ ಕೊನೆಗೆ ಹಾಡುವ ಭೈರವಿ ರಾಗವೂ ಮುಗಿದಿರುತ್ತದೆ. ಆದರೂ ಪಕ್ಕದ ಅಜ್ಜನ ನಿದ್ದೆ ಕೆಡಿಸುವುದು ಸರಿಯಲ್ಲ, ಅಲ್ವಾ?

ಮೊಟ್ಟೆ ಟ್ರೇ, ಫೋಮ್ ಅಂಟಿಸಿ ಎಂದು ದಯವಿಟ್ಟು ಹೇಳಬೇಡಿ. ಫೋಮ್ ಒಳಗಿನ ಪ್ರತಿಧ್ವನಿ ತಗ್ಗಿಸುತ್ತದೆ ಅಷ್ಟೇ. ಸದ್ದು ಹೊರಗೆ ಹೋಗದಿರಲು ತೂಕದ ಪದರ ಬೇಕು, ಸಂದುಗಳನ್ನು ಮುಚ್ಚಬೇಕು. ಗಾದಿ, ಜಮಖಾನ, ಜನ ಇರುವುದರಿಂದ ಒಳಗಿನ ನಾದ ಈಗಲೇ ಹದವಾಗಿದೆ. ಇನ್ನೂ ಜಾಸ್ತಿ ಹೀರಿಕೊಂಡರೆ ಮೈಕ್ ಇಲ್ಲದೆ ಹಾಡುವವರಿಗೆ ಸುಸ್ತು.

ತಗಡಿನ ಕೆಳಗೆ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ತುಂಬಿ, ಎರಡು ಪದರ ಜಿಪ್ಸಮ್ ಬೋರ್ಡ್ ಹೊಡೆಸಿದವರು ಯಾರಾದರೂ ಇದ್ದೀರಾ? ಮಳೆ ಸದ್ದು ನಿಜಕ್ಕೂ ಇಳಿಯಿತೇ? ಚದರ ಅಡಿಗೆ ಎಷ್ಟು ಬಿತ್ತು? ಹಳೆ ಕಬ್ಬಿಣದ ಫ್ರೇಮ್ ಅಷ್ಟು ತೂಕ ತಾಳುತ್ತದೋ ಇಲ್ಲವೋ ನೋಡಿ ಹೇಳುವ ಎಂಜಿನಿಯರ್ ಹುಬ್ಬಳ್ಳಿ-ಧಾರವಾಡದಲ್ಲಿದ್ದರೆ ತಿಳಿಸಿ. ದೇಣಿಗೆ ಕೇಳುತ್ತಿಲ್ಲ. ಬಂದು ನೋಡುವವರಿಗೆ ಚಹಾ, ಮಿರ್ಚಿ ನಮ್ಮ ಕಡೆಯಿಂದ.