ಸಹಾಯ ಬೇಕು: ರಾಬರ್ಟ್ ಬ್ಯಾಡಿಂಟರ್ ಬಗ್ಗೆ ಮೆಟೀರಿಯಲ್

ಎಲ್ರಿಗೂ ನಮಸ್ಕಾರ. ನಮ್ ಲಾ ಕಾಲೇಜಲ್ಲಿ ಮರಣದಂಡನೆ ಬಗ್ಗೆ ಸೆಮಿನಾರ್ ಇದೆ, ನಾನು ಫ್ರಾನ್ಸ್‌ನ ಸೋಷಿಯಲಿಸ್ಟ್ ಸರ್ಕಾರದಲ್ಲಿ ನ್ಯಾಯ ಮಂತ್ರಿಯಾಗಿದ್ದ ರಾಬರ್ಟ್ ಬ್ಯಾಡಿಂಟರ್ ಮೇಲೆ ಮಾತಾಡ್ಬೇಕು ಅಂತಿದೀನಿ. ಇವ್ರು ಮೊದ್ಲು ಲಾಯರ್, 1972ರಲ್ಲಿ ಇವ್ರ ಕಕ್ಷಿದಾರ ರೋಜರ್ ಬೊಂಟೆಮ್ಸ್ ತಾನು ಕೈಯಾರೆ ಕೊಲೆ ಮಾಡದೇ ಇದ್ರೂ ಗಿಲೊಟಿನ್‌ಗೆ (ತಲೆ ಕತ್ತರಿಸೋ ಯಂತ್ರ) ಹೋದ, ಅಲ್ಲಿಂದ ಇವ್ರು ಹಠ ಹಿಡಿದು 1977ರಲ್ಲಿ ಪ್ಯಾಟ್ರಿಕ್ ಹೆನ್ರಿ ಅನ್ನೋನನ್ನ ಮರಣದಂಡನೆಯಿಂದ ಉಳಿಸಿದ್ರು, ಆಮೇಲೆ 1981ರಲ್ಲಿ ಮಿತ್ತೆರಾಂ ಅಧ್ಯಕ್ಷ ಚುನಾವಣೆ ಗೆದ್ದು ಇವ್ರನ್ನ ಮಂತ್ರಿ ಮಾಡಿದ್ರು. ಜನರಲ್ಲಿ ಹೆಚ್ಚಿನವ್ರು ಮರಣದಂಡನೆ ಪರ ಇದ್ರೂ ಸೆಪ್ಟೆಂಬರ್ 18ಕ್ಕೆ ಕೆಳಮನೆಲಿ 363–117 ವೋಟಲ್ಲಿ ಅದನ್ನ ರದ್ದು ಮಾಡೋ ಬಿಲ್ ಪಾಸ್, ವಿರೋಧ ಪಕ್ಷದ ಶಿರಾಕ್ ಕೂಡ ಪರವಾಗಿ ವೋಟ್ ಹಾಕಿದ್ರಂತೆ! ಈಗಿನ ಕಾಲದಲ್ಲಿ ಊಹಿಸಕ್ಕೂ ಆಗಲ್ಲ ಬಿಡಿ.

ನನಗೆ ಬೇಕಿರೋದು ಇಷ್ಟೇ, ಬಲಪಂಥೀಯರ ಬಹುಮತ ಇದ್ದ ಸೆನೆಟ್ (ಮೇಲ್ಮನೆ) ಆ ಬಿಲ್‌ನ ಯಾಕೆ ಒಪ್ಕೊಳ್ತು? ಅಲ್ಲಿನ ಚರ್ಚೆ ಇಂಗ್ಲಿಷಲ್ಲಿ ಎಲ್ಲಾದ್ರೂ ಸಿಗುತ್ತಾ? 1986ರಿಂದ 1995ರವರೆಗೆ ಅವ್ರು ಸಂವಿಧಾನ ಮಂಡಳಿ (ಕಾನೂನು ಸಂವಿಧಾನಕ್ಕೆ ತಕ್ಕಂಗಿದೆಯಾ ಅಂತ ನೋಡೋ ಸಂಸ್ಥೆ) ಅಧ್ಯಕ್ಷರಾಗಿದ್ರಲ್ಲ, ಆ ಕಾಲದ ತೀರ್ಪುಗಳ ಬಗ್ಗೆ ಓದಿರೋರು ಇದ್ರೂ ಹೇಳಿ. ಫ್ರೆಂಚ್ ಬರೋರು ಯಾರಾದ್ರೂ ಇದ್ರೆ ದಯವಿಟ್ಟು ಕಾಮೆಂಟ್ ಮಾಡಿ, ಲಿಂಕ್ ಇದ್ರೆ ಇನ್ನೂ ಒಳ್ಳೇದು.