ನೀಲ್ ಗೌ ಅವರ ಶೋಕದ ಮಟ್ಟು: ದುಃಖಕ್ಕೆ ಶಂಕರಾಭರಣದ ಸ್ವರಗಳೇ?

ಪ್ರಶ್ನೆ:
ಸ್ಕಾಟ್ಲೆಂಡಿನ ಪಿಟೀಲುಗಾರ ನೀಲ್ ಗೌ ತಮ್ಮ ಎರಡನೆಯ ಹೆಂಡತಿ ತೀರಿಕೊಂಡಾಗ ರಚಿಸಿದರೆನ್ನುವ ಶೋಕದ ಮಟ್ಟನ್ನು ಇತ್ತೀಚೆಗೆ ಪದೇ ಪದೇ ಕೇಳುತ್ತಿದ್ದೇನೆ. ಪಾಶ್ಚಾತ್ಯರು ಡಿ ಮೇಜರ್ ಎನ್ನುವ ಅದರ ಸ್ವರಗಳು ನಮ್ಮ ಲೆಕ್ಕದಲ್ಲಿ ಶಂಕರಾಭರಣ ರಾಗದವು. ಮುಖಾರಿಯಲ್ಲೋ ಶುಭಪಂತುವರಾಳಿಯಲ್ಲೋ ಕರುಣರಸವನ್ನು ಹುಡುಕುವ ನನ್ನ ಕಿವಿಗೆ ಇದು ವಿಚಿತ್ರವೆನಿಸಿದರೂ ಕೇಳುವಾಗ ಗಂಟಲು ಕಟ್ಟುವುದಂತೂ ನಿಜ. ಈ ಮಟ್ಟಿನ ಹಿನ್ನೆಲೆಯೇನು? ಕರ್ನಾಟಕ ಪದ್ಧತಿಯಲ್ಲಿ ಪಿಟೀಲು ಕಲಿತವರು ಇದನ್ನು ನುಡಿಸಬಹುದೇ?

ಮೊದಲ ಉತ್ತರ:
ನೀಲ್ ಗೌ (1727–1807) ಪರ್ತ್‌ಷೈರ್‌ನವರು. ಡಂಕೆಲ್ಡ್ ಊರಿನ ಎದುರಿಗೆ, ಟೇ ನದಿಯ ಆಚೆ ದಡದ ಇನ್ವರ್ ಎಂಬ ಹಳ್ಳಿಯಲ್ಲಿ ಬಾಳಿದವರು. ನೇಯ್ಗೆಯ ಕಸುಬು ಕಲಿತಿದ್ದರೂ ಪಿಟೀಲಿನಿಂದಲೇ ಹೆಸರಾದರು. ಅಥೋಲ್‌ನ ಡ್ಯೂಕರ ಆಶ್ರಯ ಸಿಕ್ಕಿ, ದೊಡ್ಡ ಮನೆತನಗಳ ನೃತ್ಯಕೂಟಗಳಿಗೆಲ್ಲ ಅವರದೇ ವಾದ್ಯ ಬೇಕೆನ್ನುವಂತಾಯಿತು. 1787ರಲ್ಲಿ ಕವಿ ರಾಬರ್ಟ್ ಬರ್ನ್ಸ್ ಗೌ ಅವರನ್ನು ಕಂಡು, ಗಿಡ್ಡ ಗಟ್ಟಿ ಮೈಕಟ್ಟಿನ ಈ ಹೈಲ್ಯಾಂಡರ್‌ನ (ಸ್ಕಾಟ್ಲೆಂಡಿನ ಬೆಟ್ಟನಾಡಿನವನ) ಚಿತ್ರವನ್ನು ತಮ್ಮ ದಿನಚರಿಯಲ್ಲಿ ಬರೆದಿಟ್ಟರು.

ಗೌ ಅವರು 1768ರಲ್ಲಿ ಮಾರ್ಗರೆಟ್ ಅರ್ಕರ್ಟ್ ಅವರನ್ನು ಎರಡನೆಯ ಮದುವೆಯಾದರು. ಆಕೆ 1805ರಲ್ಲಿ ತೀರಿಕೊಂಡರು. ಮಟ್ಟು ಅಚ್ಚಾದದ್ದು ಗೌ ಅವರೂ ಹೋದ ಮೇಲೆ, 1809ರಲ್ಲಿ ಬಂದ ಗೌ ಮಟ್ಟುಗಳ ಐದನೆಯ ಸಂಗ್ರಹದಲ್ಲಿ. ಅವರಿಬ್ಬರೂ ಮೂವತ್ತು ವರ್ಷಕ್ಕೂ ಮೀರಿ ಜೊತೆಗೆ ಬಾಳಿದರು, ಆಕೆ ಬಹಳ ಒಳ್ಳೆಯ ಹೆಂಡತಿಯಾಗಿದ್ದರು ಎಂಬ ಅರ್ಥದ ಟಿಪ್ಪಣಿಯೂ ಅದರೊಡನೆ ಇದೆ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಆ ಟಿಪ್ಪಣಿಯಲ್ಲಿಯೇ ಇದೆ: ಎಪ್ಪತ್ತೆಂಟರ ಮುದುಕ ಸಾವನ್ನು ಕುರಿತು ಗೋಳಾಡುತ್ತಿಲ್ಲ, ಕೂಡಿ ಕಳೆದ ಬದುಕನ್ನು ನೆನೆಯುತ್ತಿದ್ದಾನೆ. ಕುಣಿತದ ಮಟ್ಟುಗಳಲ್ಲೇ ಆಯುಸ್ಸು ಕಳೆದವನಿಗೆ ದುಃಖವೂ ಆ ಸ್ವರಗಳಲ್ಲೇ ಬಂದದ್ದು ನನಗೆ ಅಸಹಜವೆನಿಸುವುದಿಲ್ಲ.

ಎರಡನೆಯ ಉತ್ತರ:
ಎರಡೂ ಪದ್ಧತಿಗಳಲ್ಲಿ ಕೈಯಾಡಿಸುವವನಾದ್ದರಿಂದ ನುಡಿಸಾಣಿಕೆಯ ವಿಷಯ ಹೇಳುತ್ತೇನೆ. ನಮ್ಮ ಪಿಟೀಲಿನ ತಂತಿಗಳು ಸ-ಪ-ಸ-ಪ ಎಂದು ನಿಂತರೆ, ಪಾಶ್ಚಾತ್ಯರವು ಒಂದಕ್ಕೊಂದು ಪಂಚಮದ (ಸ-ಪ) ಅಂತರದಲ್ಲಿ ಸಾಗುತ್ತವೆ. ಆದ್ದರಿಂದ ಮಟ್ಟಿನ ಎರಡನೆಯ ಭಾಗ ಮೇಲಿನ ಸ್ಥಾಯಿಗೆ ಏರಿದಾಗ ಅವರ ಎಡಗೈ ಇದ್ದಲ್ಲೇ ಇರುತ್ತದೆ, ಬೆರಳು ಪಕ್ಕದ ತಂತಿಗೆ ದಾಟಿದರೆ ಸಾಕು. ಅದೇ ಜಾಗಕ್ಕೆ ನಾವು ಮೊದಲ ತಂತಿಯ ಮೇಲೆ ಜಾರಿ ಹೋಗಬೇಕಾಗುತ್ತದೆ. ಆ ಜಾರು ಕೇಳಿಸಿದೊಡನೆ ಮಟ್ಟು ಬೇರೆ ದೇಶದ್ದಾಗಿಬಿಡುತ್ತದೆ. ಹಾಗೆಂದು ಇರುವ ತಂತಿಗಳನ್ನೇ ಬಿರಡೆ ತಿರುಗಿಸಿ ಅವರ ಶ್ರುತಿಗೆ ಏರಿಸಬೇಡಿ, ಮೊದಲ ತಂತಿ ಕಡಿಯುತ್ತದೆ. ಬೇರೊಂದು ವಾದ್ಯವನ್ನು ಆ ಶ್ರುತಿಗೇ ಇಟ್ಟುಕೊಳ್ಳುವುದು ಮೇಲು.

ಸ್ವರವನ್ನು ಅಲುಗಿಸುವ ಗಮಕವನ್ನು ಪೂರ್ತಿ ಬಿಡಿ. ಪಾಶ್ಚಾತ್ಯ ಮಟ್ಟಿನ ಧಾಟಿಯ ನಮ್ಮ ನೊಟ್ಟುಸ್ವರಗಳನ್ನು ನುಡಿಸುವಾಗ ಹೇಗೆ ಸ್ವರವನ್ನು ಅಲುಗಿಸದೆ ನಿಲ್ಲಿಸುತ್ತೇವೆಯೋ ಹಾಗೆಯೇ ಇಲ್ಲಿಯೂ ನಿಲ್ಲಿಸಿ, ಮುಂದಿನ ಸ್ವರಕ್ಕೆ ಹೋಗುವ ಮುನ್ನ ಬೇಕೆನಿಸಿದಲ್ಲಿ ಒಂದು ಕಿರುಸ್ವರವನ್ನು ಮುಟ್ಟಿಸಿದರೆ ಆಯಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕಾಲಪ್ರಮಾಣ ಎಷ್ಟಿರಬೇಕು? ಕೆಲವರು ಬಹಳ ಎಳೆದು ನುಡಿಸುತ್ತಾರೆ.

ಎರಡನೆಯ ಉತ್ತರ ಕೊಟ್ಟವರು:
ಎಳೆಯುವುದೇ ಈ ಮಟ್ಟಿಗೆ ಆಗುವ ದೊಡ್ಡ ಅನ್ಯಾಯ. ಇದು ಮೂರೆಣಿಕೆಯ ತಿಶ್ರ ನಡೆಯಲ್ಲಿದೆ. ವಿಳಂಬದಲ್ಲಿದ್ದರೂ ಮೂರರ ತೂಗಾಟ ಕೇಳುಗನಿಗೆ ತಪ್ಪಬಾರದು. ಇನ್ನೊಂದು ಮಾತು ಕಮಾನಿನ ಬಗ್ಗೆ. ಸಾಮಾನ್ಯವಾಗಿ ಕಮಾನನ್ನು ಮೇಲಕ್ಕೆ ತಳ್ಳುವಾಗ ನಾದ ಸೊರಗುತ್ತದೆ, ಆದರೆ ಗೌ ಅವರ ಮೇಲ್ಮುಖದ ಎಳೆತಕ್ಕಿದ್ದ ಕಸುವೇ ಅವರ ಗುರುತಾಗಿತ್ತು. ಹದಿಹರೆಯದಲ್ಲಿ ಅವರು ಗೆದ್ದ ಸ್ಪರ್ಧೆಯ ಕುರುಡು ತೀರ್ಪುಗಾರ, ನೂರು ಜನ ನುಡಿಸಿದರೂ ನೀಲ್‌ನ ಕಮಾನನ್ನು ಗುರುತಿಸಬಲ್ಲೆ ಎಂದಿದ್ದನಂತೆ. ಮೊದಲು ಬರಿಯ ತಂತಿಯ ಮೇಲೆ ತಾಳದ ಮೂರು ಮೂರು ಅಕ್ಷರಕ್ಕೆ (ಎಣಿಕೆಗೆ) ಒಂದು ಎಳೆತದಂತೆ, ಮೇಲಕ್ಕೂ ಕೆಳಕ್ಕೂ ನಾದದ ಗಾತ್ರ ಒಂದೇ ಆಗುವವರೆಗೆ ಸಾಧನೆ ಮಾಡಿ, ಆಮೇಲೆ ಸ್ವರಗಳಿಗೆ ಕೈ ಹಾಕಿ.