ಅಪ್‌ಡೇಟ್: ರಾತ್ರಿ ಮಾಯವಾಗುತ್ತಿದ್ದ ಗೇಟಿನ ಕ್ಯಾಮೆರಾ

ಕತ್ತಲಾದ ಕೂಡಲೇ ಗೇಟಿನ ಕ್ಯಾಮೆರಾ ಎನ್‌ವಿಆರ್‌ನಲ್ಲಿ (ಕ್ಯಾಮೆರಾಗಳ ವಿಡಿಯೋ ರೆಕಾರ್ಡ್ ಮಾಡುವ ಪೆಟ್ಟಿಗೆ) ಕಾಣೋದಿಲ್ಲ, ಬೆಳಿಗ್ಗೆ ತಾನಾಗೇ ಬರುತ್ತದೆ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ಐಪಿ ವಿಳಾಸದ (ನೆಟ್‌ವರ್ಕ್‌ನಲ್ಲಿ ಕ್ಯಾಮೆರಾ ಗುರುತಿಸುವ ಸಂಖ್ಯೆ) ತೊಂದರೆ ಅಲ್ಲ, ಕೇಬಲ್ಲು. ಕತ್ತಲಲ್ಲಿ ಕ್ಯಾಮೆರಾದ ಐಆರ್ ಎಲ್‌ಇಡಿಗಳು (ರಾತ್ರಿ ನೋಡಲು ಕಣ್ಣಿಗೆ ಕಾಣದ ಬೆಳಕು ಬಿಡುವ ದೀಪಗಳು) ಹೊತ್ತಿಕೊಂಡು ಕರೆಂಟ್ ಜಾಸ್ತಿ ಎಳೆಯುತ್ತವೆ. ನಮ್ಮದು ಪಿಒಇ, ಅಂದರೆ ವಿಡಿಯೋ ಬರುವ ನೆಟ್‌ವರ್ಕ್ ಕೇಬಲ್ಲಿನಲ್ಲೇ ಪವರ್ ಕೂಡ ಹೋಗಬೇಕು. ಕೇಬಲ್ಲಿನ ತುದಿ ಸುಲಿದು ಬ್ಲೇಡಿನಿಂದ ಕೆರೆದರೆ ತಾಮ್ರದ ಬಣ್ಣದ ಕೆಳಗೆ ಬೆಳ್ಳಗೆ ಅಲ್ಯೂಮಿನಿಯಂ! ಅದು ತಾಮ್ರದಷ್ಟು ಚೆನ್ನಾಗಿ ಕರೆಂಟ್ ಒಯ್ಯೋದಿಲ್ಲ, ಗೇಟಿನವರೆಗಿನ ದೂರಕ್ಕೆ ವೋಲ್ಟೇಜ್ ಇಳಿದುಹೋಗುತ್ತಿತ್ತು. ಅಸಲಿ ತಾಮ್ರದ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆಸಿದೆ, ಈಗ ರಾತ್ರಿಯಿಡೀ ಕಾಣುತ್ತದೆ. ‘ಒಂದ್ಸಲ ಐಆರ್ ಆಫ್ ಮಾಡಿ ನೋಡಿ’ ಅಂದವರಿಗೆ ಥ್ಯಾಂಕ್ಸ್, ಸುಳಿವು ಸಿಕ್ಕಿದ್ದೇ ಅಲ್ಲಿ.

ಇನ್ನೊಂದು ತೊಂದರೆ, ರೆಕಾರ್ಡಿಂಗ್ ಬೇಗ ಅಳಿಸಿಹೋಗುತ್ತಿದ್ದುದು, ಸುಮ್ನೆ ಲೆಕ್ಕದ ವಿಷಯ. ನಾಲ್ಕು ಕ್ಯಾಮೆರಾ, ತಲಾ 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್ ವಿಡಿಯೋ) ಅಂದರೆ ದಿನಕ್ಕೆ ಸುಮಾರು 173 ಜಿಬಿ. 1 ಟಿಬಿ ಡಿಸ್ಕ್ ವಾರವೂ ಬರೋದಿಲ್ಲ. ವಿಡಿಯೋವನ್ನು ಇನ್ನಷ್ಟು ಕುಗ್ಗಿಸುವ ಎಚ್.265 ವಿಧಾನಕ್ಕೆ ಬದಲಾಯಿಸಿ 2 ಎಂಬಿಪಿಎಸ್‌ಗೆ ಇಳಿಸಿದ್ದೇನೆ.